ಗ್ಯಾಸ್ ಕುಲುಮೆಗೆ ಒಂದು ಸ್ಟಾರ್ ಕೊಟ್ಟಿದ್ದೆ, ಈಗ ತಿದ್ದುತ್ತಿದ್ದೇನೆ

ಹೋದ ಆಗಸ್ಟ್‌ನಲ್ಲಿ ಈ ಎರಡು ಬರ್ನರ್‌ನ ಗ್ಯಾಸ್ ಕುಲುಮೆಗೆ ಒಂದೇ ಒಂದು ಸ್ಟಾರ್ ಕೊಟ್ಟು, "ದುಡ್ಡು ದಂಡ, ಬೆಸುಗೆ ಹಿಡಿಯುವುದೇ ಇಲ್ಲ, ಯಾರೂ ತಗೋಬೇಡಿ" ಅಂತ ಬರೆದವನು ನಾನೇ. ಸಿಟ್ಟು ಬಂದಿತ್ತು. ಶೆಡ್ಡಿನ ಮೂಲೆಯಲ್ಲಿ ಐದು ಬಿಲ್ಲೆಟ್, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಬೆಸೆಯುವ ಗಟ್ಟಿಗಳು, ಬಿದ್ದಿದ್ದವು. ಹೆಚ್ಚಿನವು ಮಳೆಯಲ್ಲಿ ನೆಂದ ಹಳೇ ಪಂಚಾಂಗದ ಹಾಗೆ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿದ್ದವು. ಈಗ ಹನ್ನೊಂದು ತಿಂಗಳಾಯಿತು. ಅದೇ ಕುಲುಮೆಯಲ್ಲಿ ಒಂಬತ್ತು ಬಿಲ್ಲೆಟ್ ಸರಿಯಾಗಿ ಬೆಸೆದಿದ್ದೇನೆ. ಹಾಗಾಗಿ ಆ ರಿವ್ಯೂ ತಿದ್ದಬೇಕು. ಪೂರ್ತಿ ವಾಪಸ್ ತಗೊಳ್ಳುವುದಿಲ್ಲ, ಮಾರಿದವರ ತಪ್ಪೂ ಇದೆ. ಆದರೆ ನಾನು ಬೈದ ಕಾರಣಕ್ಕೆ ಬೈಯಬೇಕಾಗಿರಲಿಲ್ಲ.

ಹೆಸರು ಹಾಕುತ್ತಿಲ್ಲ. ಇದೇ ನಮೂನೆಯ ಡಬ್ಬ ನಾಲ್ಕಾರು ಹೆಸರಲ್ಲಿ ಮಾರಾಟಕ್ಕಿದೆ, ನೋಡಿದರೆ ಗೊತ್ತಾಗುತ್ತದೆ. ಉದ್ದುದ್ದ ಮಲಗಿಸಿದ ಕಬ್ಬಿಣದ ಪೀಪಾಯಿ, ಒಳಗೆ ಸೆರಾಮಿಕ್ ಉಣ್ಣೆ, ಮೇಲೆ ಎರಡು ಬರ್ನರ್, ಮುಂದೆ ಹಿಂದೆ ಎರಡೂ ಕಡೆ ಬಾಯಿ. ಜೊತೆಗೆ ಹೈ ಪ್ರೆಶರ್ ರೆಗ್ಯುಲೇಟರ್, ಎರಡು ಮೀಟರ್ ಪೈಪು, "ಸ್ಪೆಷಲ್ ಫ್ಲಕ್ಸ್" ಅಂತ ಚೀಟಿ ಅಂಟಿಸಿದ, ಬೆಸೆಯುವಾಗ ಹಾಕುವ ಕಾಲು ಕೆಜಿ ಪುಡಿ. ನನಗೆ ಬಿದ್ದಿದ್ದು 16,500 ರೂಪಾಯಿ. ಮನೆವರೆಗೆ ಕೊರಿಯರ್ ಬರಲಿಲ್ಲ. ಭಾಗಮಂಡಲ ರಸ್ತೆಯಿಂದ ಒಳಗೆ ಇರುವ ಮನೆ ನಮ್ಮದು, ಮಳೆಗಾಲದಲ್ಲಿ ಅಂಚೆಯಣ್ಣ ಬರುವುದೇ ದೊಡ್ಡದು. ಮಡಿಕೇರಿಗೆ ಹೋಗಿ ಜೀಪಿನಲ್ಲಿ ಹಾಕಿಕೊಂಡು ಬಂದೆ.

ನಾನು ಕಸುಬಿನವನಲ್ಲ. ತೋಟದ ಕೆಲಸದ ನಡುವೆ ಕತ್ತಿ, ಚಾಕು ಬಡಿಯುವ ಹುಚ್ಚು. ಅಡಿಗಲ್ಲು ಅಂದರೆ ಒಂದು ತುಂಡು ರೈಲು ಕಂಬಿ, ರೈಲೇ ಇಲ್ಲದ ಜಿಲ್ಲೆಗೆ ಮೈಸೂರಿನ ಗುಜರಿಯಿಂದ ಬಂದದ್ದು. ಭಾವನಿಗೆ ಮಾತು ಕೊಟ್ಟುಬಿಟ್ಟಿದ್ದೆ, ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬಕ್ಕೆ ನಿಮ್ಮ ಕೋವಿ ಪಕ್ಕ ಇಟ್ಟು ಪೂಜೆ ಮಾಡುವ ಹಾಗೆ ಒಂದು ಕತ್ತಿ ಮಾಡಿಕೊಡ್ತೀನಿ, ಅಲೆ ಅಲೆ ಗೆರೆ ಇರುವಂಥದ್ದು ಅಂತ. ಭಾವ ಅದನ್ನು ಎಲ್ಲರ ಹತ್ತಿರ "ಡಮಾಸ್ಕಸ್" ಅಂತ ಹೇಳಿಕೊಂಡು ಬಂದರು. ಎಲ್ಲರೂ ಹಾಗೇ ಕರೆಯುತ್ತಾರೆ. ಆದರೆ ಹಳೇ ಡಮಾಸ್ಕಸ್ ಕತ್ತಿಯ ಉಕ್ಕು ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಕಡೆಯ ವೂಟ್ಜ್, ಆ ಹೆಸರೂ ನಮ್ಮ "ಉಕ್ಕು" ಅನ್ನುವ ಮಾತಿನಿಂದಲೇ ಹೋದದ್ದು ಅಂತಾರೆ. ನಾವು ಮಾಡುವುದು ಬೇರೆ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಾಯಿಸಿ, ಬಡಿದು ಒಂದೇ ಮಾಡುವುದು. ಕರಗಿಸುವುದಿಲ್ಲ. ಸ್ವಚ್ಛವಾದ ಎರಡು ಮೈ ಸಾಕಷ್ಟು ಬಿಸಿಯಲ್ಲಿ, ನಡುವೆ ಕಿಟ್ಟ (ಕಾದ ಕಬ್ಬಿಣಕ್ಕೆ ಗಾಳಿ ತಾಗಿ ಕಟ್ಟುವ ಪೊರೆ) ಇಲ್ಲದೆ ಒತ್ತಿಕೊಂಡರೆ ಕೂಡಿಕೊಳ್ಳುತ್ತವೆ, ಅಷ್ಟೇ ಗುಟ್ಟು. ಸ್ವಚ್ಛ, ಬಿಸಿ, ಒತ್ತು. ಮೂರರಲ್ಲಿ ಒಂದು ಕೈಕೊಟ್ಟರೂ ಪದರ ಬಿಟ್ಟುಕೊಳ್ಳುತ್ತದೆ. ಕಷ್ಟ ಏನೆಂದರೆ ಯಾವುದು ಕೈಕೊಟ್ಟಿತು ಅಂತ ಬಿಲ್ಲೆಟ್ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲನೇದು ಪೂರ್ತಿ ನನ್ನ ಜಿಪುಣತನ. ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟು ಮತ್ತು ಕುಶಾಲನಗರದ ಸಾಮಿಲ್ಲಿನಲ್ಲಿ ಸಿಕ್ಕಿದ ಹರಿದ ಬ್ಯಾಂಡ್ ಗರಗಸ. ಸಾಮಿಲ್ಲಿನ ಗರಗಸದಲ್ಲಿ ಕೆಲವಕ್ಕೆ ನಿಕ್ಕಲ್ ಇರುತ್ತದೆ, ಆಸಿಡ್ಡಿಗೆ ಹಾಕಿದರೆ ಅದು ಬೆಳ್ಳಗೆ ಉಳಿಯುತ್ತದೆ, ಗೆರೆ ಕಾಣುವುದೇ ಅದರಿಂದ. ಎಲ್ಲ ಗರಗಸದಲ್ಲೂ ಇರುವುದಿಲ್ಲ, ಒಂದು ಚೂರು ಅದ್ದಿ ನೋಡಿಯೇ ತರಬೇಕು. ಜೀಪಿನ ಪ್ಲೇಟಿನದು ಬೇರೆ ತಕರಾರು. ಅದರಲ್ಲಿ ಕ್ರೋಮಿಯಮ್ಮೋ ಸಿಲಿಕಾನೋ ಬೆರೆತಿರುತ್ತದೆ, ಸ್ಪ್ರಿಂಗ್ ಆಗಿ ಕುಣಿಯಲು ಅದು ಬೇಕು. ಆದರೆ ಬೆಸೆಯುವಾಗ ಕ್ರೋಮಿಯಂನ ಕಿಟ್ಟ, ಕಿಟ್ಟ ತೆಗೆಯಲೆಂದೇ ಹಾಕುವ ಬಿಳಿಗಾರಕ್ಕೆ (ಬೊರಾಕ್ಸ್) ಸುಲಭದಲ್ಲಿ ಕರಗುವುದಿಲ್ಲ. ಜೊತೆಗೆ ಇಪ್ಪತ್ತು ವರ್ಷ ನಮ್ಮ ರಸ್ತೆಯಲ್ಲಿ ಕುಣಿದ ಪ್ಲೇಟಿನ ಒಳಗೆ ಕಣ್ಣಿಗೆ ಕಾಣದ ಬಿರುಕೂ ಇರಬಹುದು. ಮೇಲಿನ ಕಪ್ಪು ಚರ್ಮವನ್ನೂ ನಾನು ಪೂರ್ತಿ ಉಜ್ಜಿರಲಿಲ್ಲ, ಹೊಳೆಯುತ್ತಿದೆಯಲ್ಲ ಸಾಕು ಅಂತ ಬಿಟ್ಟಿದ್ದೆ. ಬಡಿದಾಗ ಮೂರನೇ ಏಟಿಗೇ ಬಾಯಿಬಿಟ್ಟಿತು. ಇದಕ್ಕೆ ಕುಲುಮೆಯನ್ನು ಬೈದದ್ದು ಅನ್ಯಾಯ.

ಎರಡನೇದರಲ್ಲಿ ಚೆನ್ನಾಗಿಯೇ ಉಜ್ಜಿದೆ, ಗ್ರೈಂಡರಿನಲ್ಲಿ ಬೆಳ್ಳಿ ಹಾಗೆ ಬರುವ ತನಕ. ಅಷ್ಟರಲ್ಲಿ ಕರೆಂಟ್ ಹೋಯಿತು. ಜುಲೈಯಲ್ಲಿ ಕರೆಂಟ್ ಹೋದರೆ ಗೊತ್ತಲ್ಲ, ಕಂಬದ ಮೇಲೆ ಸಿಲ್ವರ್ ಓಕ್ ಬಿದ್ದಿದೆ ಅಂದರೆ ಎರಡು ದಿನ ಲೆಕ್ಕಕ್ಕಿಲ್ಲ. ಪಟ್ಟಿಗಳನ್ನು ಹಾಗೇ ಬೆಂಚಿನ ಮೇಲೆ ಇಟ್ಟೆ. ಮರುದಿನ ಬೆಳಿಗ್ಗೆ ಅದರ ಮೇಲೆ ತೆಳ್ಳಗೆ ಕೆಂಪು, ಕುಂಕುಮದ ಕೈಯಲ್ಲಿ ಮುಟ್ಟಿದ ಹಾಗೆ. ಬಟ್ಟೆಯಲ್ಲಿ ಒರೆಸಿ ಜೋಡಿಸಿದೆ. ಮೂಲೆಗಳಿಗೆ ಹಾಕಿದ ವೆಲ್ಡಿಂಗ್ ಚುಕ್ಕಿಯೂ ನಡುವಲ್ಲಿ ಸೀಳಿತು, ಏಕೆಂದರೆ ವೆಲ್ಡಿಂಗ್ ಕಡ್ಡಿಯ ಪೊಟ್ಟಣ ಮೂರು ವಾರದಿಂದ ತೆರೆದೇ ಬಿದ್ದಿತ್ತು, ಕಡ್ಡಿಯ ಮದ್ದು ಎಲ್ಲ ತೇವ. ಪಟ್ಟಿಗಳು ಕುಲುಮೆಯ ಒಳಗೇ ಅಗಲಿದವು, ನಡುವೆ ಗಾಳಿ ಹೊಕ್ಕಿತು, ಕಿಟ್ಟ ಕಟ್ಟಿತು. ಈಗ ನನ್ನ ಕ್ರಮ ಬೇರೆ: ಉಜ್ಜಿದ ಅರ್ಧ ಗಂಟೆಯೊಳಗೆ ತಿನ್ನರಿನಲ್ಲಿ ಒರೆಸಿ, ಬಿಗಿಯಾಗಿ ಕಟ್ಟಿ, ವೆಲ್ಡಿಂಗ್ ಹಾಕಿ ಮುಗಿಸುವುದು. ಆಗುವುದಿಲ್ಲ ಅಂದರೆ ಉಜ್ಜುವುದೇ ಇಲ್ಲ. ಕಡ್ಡಿಗಳನ್ನು ಕಾಫಿ ಒಣಗಿಸುವ ಹಾಗೆ ಬಿಸಿಲಿಗೆ ಹಾಕಲು ಬಿಸಿಲಾದರೂ ಎಲ್ಲಿದೆ, ಅಡಿಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿಯಲ್ಲಿ ಇಡುತ್ತೇನೆ.

ಮೂರನೇದಕ್ಕೆ ದುಡ್ಡು ಬಿಚ್ಚಿದೆ. 1084 ಮತ್ತು 15ಎನ್20, ಹೆಸರಿರುವ ಉಕ್ಕು, ಆನ್‌ಲೈನಿನಲ್ಲಿ ತರಿಸಿದ್ದು. 1084ರಲ್ಲಿ ಸುಮಾರು 0.84 ಶೇಕಡಾ ಇಂಗಾಲ, 15ಎನ್20ರಲ್ಲಿ ಸುಮಾರು 2 ಶೇಕಡಾ ನಿಕ್ಕಲ್. ಎರಡಕ್ಕೂ ಹೊಂದಾಣಿಕೆ ಚೆನ್ನಾಗಿದೆ, ಕಲಿಯುವವರಿಗೆ ಎಲ್ಲರೂ ಹೇಳುವ ಜೋಡಿ. ಏಳು ಪಟ್ಟಿ ಜೋಡಿಸಿದೆ. ಆಮೇಲೆ ಕಂಪನಿಯವರ ಸ್ಪೆಷಲ್ ಪುಡಿಯನ್ನು ತಣ್ಣಗಿರುವಾಗಲೇ ಹಿಡಿ ಹಿಡಿ ಸುರಿದೆ. ಆ ಪುಡಿ ಬೇರೇನೂ ಅಲ್ಲ, ಬಿಳಿಗಾರ, ಅಕ್ಕಸಾಲಿಗರು ಬೆಸುಗೆಗೆ ಹಾಕುವ ಅದೇ ಬಿಳಿಗಾರ. ಮಾಮೂಲಿ ಬಿಳಿಗಾರದ ಹರಳಿನ ಒಳಗೆ ನೀರಿರುತ್ತದೆ. ಬಿಸಿ ತಾಗಿದ ಕೂಡಲೇ ಹಪ್ಪಳದ ಹಾಗೆ ಉಬ್ಬಿ ನೊರೆಯಾಗಿ ಅರ್ಧ ಕೆಳಗೆ ಬಿತ್ತು. ಉಬ್ಬಿ ಮುಗಿದ ಮೇಲೆ, ಸುಮಾರು 740 ಡಿಗ್ರಿ ದಾಟಿದಾಗ ಅದು ಗಾಜಿನ ಹಾಗೆ ಕರಗಿ ಉಕ್ಕಿನ ಮೈಗೆ ಹರಡುತ್ತದೆ, ಕಿಟ್ಟವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಗಾಳಿ ತಡೆಯುತ್ತದೆ. ಅದರ ಕೆಲಸ ಅಷ್ಟೇ. ಅದು ಅಂಟಲ್ಲ. ಬಡಿಯುವಾಗ ಅದು ಪೂರ್ತಿ ಹೊರಗೆ ಹೋಗಬೇಕು. ಒಳಗೆ ಉಳಿದರೆ ಅಲ್ಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ನಾನು ಅದನ್ನು ಅಂಟು ಅಂದುಕೊಂಡು ಮೆತ್ತಿದೆ, ಸಾಲದ್ದಕ್ಕೆ ಸಮ್ಮಟಿಗೆಯಲ್ಲಿ ತೆಂಗಿನಕಾಯಿ ಒಡೆಯುವ ಹಾಗೆ ಒಂದು ಕೊಟ್ಟೆ. ಕಾದ ಪದರಗಳು ಒಂದರ ಮೇಲೊಂದು ಜಾರಿದವು.

ಈಗ ಮಾಡುವುದು ಹೀಗೆ. ಬಿಳಿಗಾರವನ್ನು ಮೊದಲೇ ಹಳೇ ಬಾಣಲೆಯಲ್ಲಿ ಹುರಿದು ನೀರು ಆರಿಸಿ, ಪುಡಿ ಮಾಡಿ, ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚಿಡುವುದು, ಇಲ್ಲದಿದ್ದರೆ ನಮ್ಮ ಹವೆಗೆ ಅದು ಮತ್ತೆ ನೀರು ಕುಡಿಯುತ್ತದೆ. ಕಟ್ಟು ಮಂದ ಕೆಂಪಿಗೆ ಬಂದ ಮೇಲೆ ಬದಿಗೆ ಒಂದು ಚಿಟಿಕೆ. ಮೊದಲ ಏಟುಗಳು ಸುಮ್ನೆ ತಟ್ಟಿದ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಬಿಳಿಗಾರ ಮುಂದೆ ಮುಂದೆ ಓಡಬೇಕು. ಮೊದಲೆರಡು ಸಲ ಕಾಯಿಸುವಾಗ ಬದಿಯ ಮೇಲೆ ನಿಲ್ಲಿಸಿ ಬಡಿಯುವುದೇ ಇಲ್ಲ. ಹಸಿ ಬೆಸುಗೆಯನ್ನು ಬದಿಯಿಂದ ಬಡಿದರೆ ಪುಸ್ತಕ ತೆರೆದಂತೆ ತೆರೆಯುತ್ತದೆ.

ನಾಲ್ಕನೇದು ನನ್ನ ತಲೆ ಕೆಡಿಸಿತು. ಎಲ್ಲ ಸರಿಯಾಗಿ ಮಾಡಿದ್ದೆ. ಉಜ್ಜಿದ್ದು ಸರಿ, ವೆಲ್ಡಿಂಗ್ ಸರಿ, ಬಿಳಿಗಾರ ಸರಿ, ಏಟು ಸರಿ. ಹೊರಗಿನಿಂದ ನೋಡಿದರೆ ಒಂದೇ ಕಬ್ಬಿಣದ ತುಂಡು. ಆದರೆ ತಣಿಯುವಾಗ ಬದಿಯಲ್ಲಿ ಒಂದು ಕಪ್ಪು ಗೆರೆ ಕಂಡಿತು. ಇದನ್ನು ಎಲ್ಲರೂ ನೋಡಲು ಕಲಿಯಬೇಕು. ಪದರ ಕೂಡಿದ್ದರೆ ಬಿಸಿ ಒಂದೇ ಸಮ ಇಳಿಯುತ್ತದೆ, ಕೂಡದಿದ್ದರೆ ಹೊರಗಿನ ಪದರ ಬೇಗ ತಣಿದು ಕಪ್ಪಾಗುತ್ತದೆ, ನಡುವೆ ನೆರಳು ಬೀಳುತ್ತದೆ. ಕಾಯಿಸುವಾಗ ಇದೇ ತಿರುಗುಮುರುಗು, ಬಿಟ್ಟುಕೊಂಡ ಪದರ ಉಳಿದದ್ದಕ್ಕಿಂತ ಮೊದಲೇ ಕೆಂಪಾಗುತ್ತದೆ. ತುದಿಯಿಂದ ಒಂದು ಬೆರಳು ದಪ್ಪ ಕತ್ತರಿಸಿ ವೈಸಿಗೆ ಕೊಟ್ಟು ಬಗ್ಗಿಸಿದೆ. ಹೊರಗಿನ ಎರಡೆರಡು ಪದರ ಗಟ್ಟಿಯಾಗಿ ಹಿಡಿದಿತ್ತು, ನಡುವಿನ ಮೂರು ಹಾಗೇ ಬಿಚ್ಚಿದವು. ಬಿಚ್ಚಿದ ಮೈ ಬೂದು ಬಣ್ಣ, ಸ್ವಚ್ಛ, ಕಿಟ್ಟ ಇಲ್ಲ.

ಆ ಸ್ವಚ್ಛ ಮೈಯೇ ಸುಳಿವು. ಕಿಟ್ಟ ಇದ್ದರೆ ಉಜ್ಜಿದ್ದು ತಪ್ಪು, ಕಟ್ಟಿದ್ದು ತಪ್ಪು ಅಥವಾ ಜ್ವಾಲೆಯಲ್ಲಿ ಗಾಳಿ ಜಾಸ್ತಿ. ಗಾಜಿನ ಹಾಗೆ ಹೊಳೆದರೆ ಬಿಳಿಗಾರ ಒಳಗೆ ಸಿಕ್ಕಿಬಿದ್ದಿದೆ. ಏನೂ ಇಲ್ಲದೆ ಸುಮ್ನೆ ಬೂದಾಗಿದ್ದರೆ ಬಿಸಿ ಸಾಲಲಿಲ್ಲ. ಇಷ್ಟು ಆವಾಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಐದನೇದು ಉಳಿಯುತ್ತಿತ್ತೇನೋ.

ಐದನೇದು ಉಲ್ಟಾ. ಹೊಸ ಸಿಲಿಂಡರ್ ಹಾಕಿದ ದಿನ, ಅದೇ ರೆಗ್ಯುಲೇಟರ್ ಗುರುತು, ಬರ್ನರಿನ ಜ್ವಾಲೆ ನೇರ ಬಡಿಯುವ ಜಾಗದಲ್ಲಿ ಬಿಲ್ಲೆಟ್ ಇಟ್ಟು ಫೋನಿಗೆ ಹೋದೆ. ಕಾಫಿ ವ್ಯಾಪಾರಿಯ ಫೋನು, ಎತ್ತದೆ ಇರಲು ಆಗುತ್ತದಾ? ಬಂದು ನೋಡಿದರೆ ತುದಿಯಿಂದ ನಕ್ಷತ್ರಕಡ್ಡಿ ಹಾಗೆ ಕಿಡಿ. ಹೊರಗೆ ತೆಗೆದು ಬಡಿದರೆ ಉಪ್ಪಿಟ್ಟಿನ ಹಾಗೆ ಉದುರಿತು. ಸುಟ್ಟ ಉಕ್ಕನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ, ಕತ್ತರಿಸಿ ಎಸೆಯಬೇಕು. ಅವತ್ತೇ ಆ ಒಂದು ಸ್ಟಾರ್ ರಿವ್ಯೂ ಬರೆದದ್ದು. ಒಂದು ದಿನ ಬಿಸಿ ಸಾಲದು, ಇನ್ನೊಂದು ದಿನ ಸುಡುತ್ತದೆ, ಒಂದೇ ಗುರುತಿನಲ್ಲಿ! ಅದೇ ನನಗೆ ಸಿಕ್ಕ ಅತಿ ದೊಡ್ಡ ಸುಳಿವು ಅಂತ ಹೊಳೆಯಲಿಲ್ಲ.

ನಡುವೆ ನಮ್ಮ ಊರಿನ ಆಚಾರಿಯನ್ನೂ ಕೇಳಿದೆ. ವಯಸ್ಸಾದವರು, ಈಗ ಕುಲುಮೆ ಹಚ್ಚುವುದು ಕಡಿಮೆ. "ಮರಳು ಹಾಕು ಮಗ, ಬಿಳಿಗಾರ ಎಲ್ಲ ಯಾಕೆ?" ಅಂದರು. "ಕಬ್ಬಿಣದ ನಡುವೆ ಉಕ್ಕಿನ ತುಂಡು ಇಟ್ಟು ಬೆಸೆಯುವಾಗ ನಾವು ಹೊಳೆ ಮರಳೇ ಹಾಕ್ತಿದ್ದದ್ದು."

"ಆಚಾರ್ರೇ, ಇದು ಎರಡೂ ಉಕ್ಕು."

"ಎರಡೂ ಉಕ್ಕಾ? ಹಾಗಾದ್ರೆ ನಂಗೊತ್ತಿಲ್ಲ."

ನಾನು ಆದರೂ ಹಾಕಿ ನೋಡಿದೆ, ಒಂದು ಚಿಕ್ಕ ತುಂಡಿಗೆ. ಅವರು ಸಂಶಯಪಟ್ಟದ್ದೇ ಸರಿ. ಮೆದು ಕಬ್ಬಿಣ ಬಹಳ ಬಿಸಿ ತಡೆಯುತ್ತದೆ, ಆ ಬಿಸಿಯಲ್ಲಿ ಮರಳು ಕಿಟ್ಟದ ಜೊತೆ ಸೇರಿ ಕರಗಿ ಹರಿಯುತ್ತದೆ. ಇಂಗಾಲ ಜಾಸ್ತಿ ಇರುವ ಉಕ್ಕಿಗೆ ಅಷ್ಟು ಬಿಸಿ ಕೊಟ್ಟರೆ ಉಕ್ಕೇ ಸುಡುತ್ತದೆ. ನಮ್ಮ ಬಿಸಿಯಲ್ಲಿ ಮರಳು ಮರಳಾಗಿಯೇ ಉಳಿಯಿತು. ಅವರಿಗೆ ಅವರ ಕಬ್ಬಿಣ ಗೊತ್ತು, ಇಂಟರ್ನೆಟ್ಟಿನವರಿಗೆ ಅವರ ಊರಿನ ಹವೆ ಗೊತ್ತು. ನನ್ನ ಶೆಡ್ಡು ಯಾರಿಗೂ ಗೊತ್ತಿಲ್ಲ, ಅಲ್ವಾ.

ಈ ಒಗಟು ಬಿಡಿಸಿದ್ದು ಒಬ್ಬ ಕಾಫಿ ಹುರಿಯುವ ಗೆಳೆಯ. ಅವನ ರೋಸ್ಟರಿನಲ್ಲಿ ಕೆ ಟೈಪ್ ಥರ್ಮೋಕಪಲ್ ಇದೆ, ಬೀಜದ ಬಿಸಿ ನೋಡಲು. ಅವನ ಹತ್ತಿರ ಬಿಡಿಯಾಗಿದ್ದ ಒಂದು ಉದ್ದ ಕಡ್ಡಿ ಮತ್ತು ಮೀಟರ್ ಕೊಟ್ಟ. ಈ ಕಡ್ಡಿ ಸುಮಾರು 1,260 ಡಿಗ್ರಿ ತನಕ ತೋರಿಸುತ್ತದೆ, ಆ ತುದಿಯಲ್ಲಿ ಬಹಳ ದಿನ ಬಾಳುವುದಿಲ್ಲ, ಬಿಳಿಗಾರ ತಾಗಿದರೆ ಇನ್ನೂ ಬೇಗ ಸಾಯುತ್ತದೆ, ಅವನಿಗೆ ಅದನ್ನು ಮೊದಲೇ ಹೇಳಿಯೇ ತಂದೆ. ಬಿಲ್ಲೆಟ್ ಇಡುವ ಜಾಗದಲ್ಲೇ ಕಡ್ಡಿ ಇಟ್ಟು ಕುಲುಮೆ ಹಚ್ಚಿದೆ. ಹತ್ತು ನಿಮಿಷಕ್ಕೆ 1,160. ಭೇಷ್. ನನ್ನ ಉಕ್ಕಿಗೆ 1,150ರಿಂದ 1,200 ಸಾಕು. ಹದಿನೈದು ನಿಮಿಷಕ್ಕೆ 1,110. ಇಪ್ಪತ್ತೈದಕ್ಕೆ 1,010. ಒಳಗೆ ನೋಡಿದರೆ ನನ್ನ ಕಣ್ಣಿಗೆ ಅದೇ ಹಳದಿ! ರೆಗ್ಯುಲೇಟರ್ ಮುಟ್ಟಿಲ್ಲ. ಸಿಲಿಂಡರ್ ಮುಟ್ಟಿ ನೋಡಿದೆ, ಅರ್ಧದಿಂದ ಕೆಳಗೆ ಮಂಜು ಹಿಡಿದಿತ್ತು.

ಗೊತ್ತಾಯಿತಲ್ಲ. ಸಿಲಿಂಡರಿನ ಒಳಗಿರುವುದು ದ್ರವ, ಅದು ಕುದಿದು ಆವಿಯಾಗಿ ಬರಬೇಕು, ಕುದಿಯಲು ಬೇಕಾದ ಬಿಸಿಯನ್ನು ಸಿಲಿಂಡರಿನ ಮೈಯಿಂದ, ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಎರಡು ಬರ್ನರ್ ಒಟ್ಟಿಗೆ ಹೀರಿದರೆ ಎಳೆದುಕೊಳ್ಳುವುದು ಸಾಲುವುದಿಲ್ಲ, ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಜ್ವಾಲೆ ಸಪ್ಪೆಯಾಗುತ್ತದೆ. ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಬೆರಕೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಯ ಹತ್ತಿರ. ಹಾಗಾಗಿ ಪ್ರೊಪೇನ್ ಮುಂಚೆ ಜಾಸ್ತಿ ಖಾಲಿಯಾಗುತ್ತದೆ, ಅರ್ಧ ಮುಗಿದ ಸಿಲಿಂಡರಿನಲ್ಲಿ ಸೋಮಾರಿ ಬ್ಯುಟೇನ್ ಜಾಸ್ತಿ ಉಳಿದಿರುತ್ತದೆ. ಹೊಸ ಸಿಲಿಂಡರಿನ ದಿನ ಬಿಲ್ಲೆಟ್ ಸುಟ್ಟದ್ದು, ಹಳೇ ಸಿಲಿಂಡರಿನ ದಿನ ಹಿಡಿಯದೆ ಹೋದದ್ದು, ಎರಡಕ್ಕೂ ಇದೇ ಕಾರಣ. ಮೈಸೂರಿನ ಏಪ್ರಿಲ್‌ನಲ್ಲಿ ಯಾರಿಗಾದರೂ ಇದು ಗೊತ್ತೇ ಆಗದೆ ಹೋಗಬಹುದು. ನಮ್ಮಲ್ಲಿ ಜುಲೈ ಮಧ್ಯಾಹ್ನ 18-20 ಡಿಗ್ರಿ, ಮೂರು ದಿಕ್ಕಿನಿಂದ ಎರಚಲು.

ಕಣ್ಣು ಮೋಸ ಹೋದದ್ದಕ್ಕೂ ಮಳೆಗಾಲವೇ ಕಾರಣ. ಬಿಸಿಯ ಬಣ್ಣ ಕತ್ತಲಲ್ಲಿ ಇರುವುದಕ್ಕಿಂತ ಜಾಸ್ತಿ ಪ್ರಕಾಶವಾಗಿ ಕಾಣುತ್ತದೆ. ಮಂಜು ಕವಿದು ನಾಲ್ಕು ಗಂಟೆಗೇ ಕತ್ತಲಾಗುವ ಶೆಡ್ಡಿನಲ್ಲಿ ಕಿತ್ತಳೆ ಬಣ್ಣವೇ ಹಳದಿ ಅನ್ನಿಸುತ್ತದೆ. ಬಿಸಿಲಿನಲ್ಲಿ ಕೆಲಸ ಮಾಡುವವನಿಗೆ ಉಲ್ಟಾ, ಅವನು ಸುಡುತ್ತಾನೆ. ಈಗ ಒಂದೇ ಬಲ್ಬು, ಒಂದೇ ಜಾಗ, ಕಿಟಕಿಗೆ ಗೋಣಿ ಕಟ್ಟಿಕೊಂಡು ಹಗಲೂ ರಾತ್ರಿಯೂ ಒಂದೇ ಬೆಳಕು ಮಾಡಿಕೊಂಡಿದ್ದೇನೆ. ಆ ಬೆಳಕಿನಲ್ಲಿ 1,160 ಹೇಗೆ ಕಾಣುತ್ತದೆ ಅಂತ ಮೀಟರ್ ಇದ್ದಾಗಲೇ ನೋಡಿ ಇಟ್ಟುಕೊಂಡೆ. ಕರಗಿದ ಬಿಳಿಗಾರವೂ ಹೇಳುತ್ತದೆ, ಬಿಸಿ ಸರಿಯಾದಾಗ ಅದು ಬಿಲ್ಲೆಟ್ ಮೇಲೆ ಬೆಣ್ಣೆ ಕಾಯಿಸಿದ ಹಾಗೆ ಗುಳುಗುಳು ಓಡಾಡುತ್ತದೆ.

ಪರಿಹಾರಕ್ಕೆ ಬರೋಣ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಹತ್ತಿರ ಎರಡು 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಒಟ್ಟಿಗೆ ಸೇರಿಸುವ ಪೈಪು ಹಾಕಿಸಿದೆ. ಒಂದೊಂದೂ ಅರ್ಧ ಹೀರಿದರೆ ಸಾಕು, ಮಂಜು ಹಿಡಿಯುವುದಿಲ್ಲ. ಅದಕ್ಕೆ ಮುಂಚೆ ಒಂದು ತಿಂಗಳು ಸಿಲಿಂಡರನ್ನು ತಣ್ಣೀರಿನ ಟಬ್ಬಿನಲ್ಲಿ ನಿಲ್ಲಿಸಿ ಕೆಲಸ ಮಾಡಿದೆ, ಅದೂ ಚೆನ್ನಾಗಿಯೇ ನಡೆಯುತ್ತದೆ, ನೀರು ಗಾಳಿಗಿಂತ ಬೇಗ ಬಿಸಿ ಕೊಡುತ್ತದೆ. ಸುಡುನೀರು, ಹೀಟರು, ಬೆಂಕಿ ಹತ್ತಿರ ಎಳೆಯುವುದು, ಇಂಥ ಬುದ್ಧಿವಂತಿಕೆ ಬೇಡವೇ ಬೇಡ. ಅಡಿಗೆಮನೆಯ 14.2 ಕೆಜಿ ಸಿಲಿಂಡರ್ ಬಳಸುವುದೂ ಬೇಡ, ಅದು ಅಡಿಗೆಗೆ ಕೊಟ್ಟದ್ದು, ಅದರ ರೆಗ್ಯುಲೇಟರಿನಲ್ಲಿ ಈ ಬರ್ನರ್ ಉಸಿರಾಡುವುದೂ ಇಲ್ಲ.

ಹಿಂದಿನ ಬಾಯಿಗೆ ಬೆಂಕಿ ಇಟ್ಟಿಗೆ ಅಡ್ಡ ಇಟ್ಟೆ. ಅದು ಅನಾವಶ್ಯಕ ದೊಡ್ಡದು, ನಮ್ಮ ಗಾಳಿಗೆ ಒಳಗಿನ ಬಿಸಿ ಎಲ್ಲ ಅಲ್ಲಿಂದ ಹೊರಟು ಹೋಗುತ್ತದೆ. ಬರ್ನರಿನ ಗಾಳಿ ಬಾಗಿಲನ್ನು ಸ್ವಲ್ಪ ಮುಚ್ಚಿ, ಮುಂದಿನ ಬಾಯಿಯಿಂದ ಒಂದು ಗೇಣು ಜ್ವಾಲೆ ನಾಲಗೆ ಚಾಚುವ ಹಾಗೆ ಇಟ್ಟುಕೊಂಡೆ. ಆ ನಾಲಗೆ ಇದ್ದರೆ ಒಳಗೆ ಉಳಿದ ಆಮ್ಲಜನಕ ಕಡಿಮೆ, ಕಿಟ್ಟ ಕಡಿಮೆ.

ಆದರೆ ಇದರ ಜೊತೆಗೇ ಒಂದು ಎಚ್ಚರಿಕೆ, ಇದನ್ನು ಕಂಪನಿಯ ಚೀಟಿಯಲ್ಲಿ ಒಂದು ಸಾಲೂ ಬರೆದಿಲ್ಲ. ಹೀಗೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ (ಸಿಓ) ಅನ್ನುವ ವಿಷದ ಗಾಳಿ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮಳೆ ಎರಚುತ್ತದೆ ಅಂತ ನಾನು ಒಂದು ದಿನ ಎರಡೂ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ತಲೆ ಭಾರ, ಹೊಟ್ಟೆ ತೊಳಸು. ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬಾಗಿಲು ತೆಗೆದು ಬೈದು ಎಳೆದುಕೊಂಡು ಹೋದಳು, ಅವಳು ಬರದಿದ್ದರೆ ಈ ರಿವ್ಯೂ ಇರುತ್ತಿರಲಿಲ್ಲ. ನೆನೆದರೂ ಪರವಾಗಿಲ್ಲ, ಬಾಗಿಲು ತೆಗೆದಿಡಿ. ಸಿಓ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಕುಲುಮೆ ತರಿಸುವಾಗಲೇ ತರಿಸಿ.

ಆರನೇದು ಅಕ್ಟೋಬರಿನಲ್ಲಿ. ಏಳು ಪಟ್ಟಿ, ಮೂರು ಮಿಲಿಮೀಟರ್ ದಪ್ಪದ್ದು. ಕುಲುಮೆ ಕಾದ ಮೇಲೆ ಇಟ್ಟೆ, ಹೊರಗಿನ ಬಣ್ಣ ಬಂದ ಮೇಲೂ ಆತುರಪಡದೆ ತಿರುಗಿಸುತ್ತಾ ಇನ್ನೂ ನಾಲ್ಕೈದು ನಿಮಿಷ ಬಿಟ್ಟೆ, ನಡುವಿನ ಪದರಕ್ಕೂ ಬಿಸಿ ಮುಟ್ಟಬೇಕಲ್ಲ. ಅಡಿಗಲ್ಲಿನ ಮೇಲೆ ಮೊದಲೇ ಒಂದು ಕಾದ ಕಬ್ಬಿಣದ ತುಂಡು ಇಟ್ಟು ಬೆಚ್ಚಗೆ ಮಾಡಿಕೊಂಡಿದ್ದೆ. ತಣ್ಣಗಿನ ಕಂಬಿ ಕೆಳಗಿನ ಪದರದ ಬಿಸಿಯನ್ನು ಒಂದೇ ಉಸಿರಿಗೆ ಕುಡಿಯುತ್ತದೆ, ಆಮೇಲೆ ಯಾವಾಗಲೂ ಅಡಿ ಪದರವೇ ಯಾಕೆ ಬಿಡುತ್ತದೆ ಅಂತ ನಾವು ತಲೆ ಕೆರೆದುಕೊಳ್ಳುತ್ತೇವೆ. ತಟ್ಟಿದೆ. ಮತ್ತೆ ಕಾಯಿಸಿ ತಟ್ಟಿದೆ. ಮೂರನೇ ಸಲ ಶಬ್ದ ಬದಲಾಯಿತು. ಅಲ್ಲಿವರೆಗೆ ಹಲಗೆಗೆ ಬಡಿದ ಹಾಗೆ ಇದ್ದದ್ದು ಗಟ್ಟಿ ಕಬ್ಬಿಣಕ್ಕೆ ಬಡಿದ ಹಾಗೆ ಆಯಿತು. ಇದನ್ನು ಬರೆದು ತಿಳಿಸಲು ಆಗುವುದಿಲ್ಲ, ಕೈಗೇ ಗೊತ್ತಾಗುತ್ತದೆ.

ನಂಬಿಕೆ ಇರಲಿಲ್ಲ. ತಣಿದ ಮೇಲೆ ಬದಿ ಉಜ್ಜಿ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಿ ಇಟ್ಟೆ. ಎಲ್ಲಾದರೂ ಬಿರುಕು ಇದ್ದರೆ ಒಳಗೆ ಹೋದ ಎಣ್ಣೆ ವಾಪಸ್ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಹಳೇ ಉಪಾಯ, ಖರ್ಚಿಲ್ಲ. ಒಂದೇ ಕಡೆ, ತುದಿಯಲ್ಲಿ ಅರ್ಧ ಇಂಚು ಒದ್ದೆ ಗೆರೆ ಬಂತು. ಕತ್ತರಿಸಿ ಎಸೆದೆ. ಎರಡು ತುದಿಯಲ್ಲಿ ಒಂದಿಷ್ಟು ನಷ್ಟ ಇದ್ದೇ ಇರುತ್ತದೆ, ಪಟ್ಟಿ ಕತ್ತರಿಸುವಾಗಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ಆಮೇಲೆ ಉದ್ದ ಎಳೆದು, ನಾಲ್ಕು ತುಂಡು ಮಾಡಿ, ಮೈ ಉಜ್ಜಿ ಮತ್ತೆ ಜೋಡಿಸಿದೆ, 28 ಪದರ. ಮಡಚುವುದಕ್ಕಿಂತ ಕತ್ತರಿಸಿ ಜೋಡಿಸುವುದೇ ಒಳ್ಳೇದು, ಮಡಿಕೆಯ ಒಳಗಿನ ಕಿಟ್ಟ ಉಜ್ಜಲು ಯಾರ ಕೈಯೂ ಹೋಗುವುದಿಲ್ಲ. ನಡುವಲ್ಲಿ ಒಂದು ಕಡೆ ಗುಳ್ಳೆ ಎದ್ದಿತ್ತು, ಸಣ್ಣ ಡ್ರಿಲ್ಲಿನಲ್ಲಿ ಚುಚ್ಚಿ ಒಳಗಿನ ಗಾಳಿ, ಬಿಳಿಗಾರ ಬಿಟ್ಟು ಮತ್ತೆ ಕಾಯಿಸಿ ತಟ್ಟಿದರೆ ಕೂತಿತು.

ನಾಲ್ಕನೇ ಬಿಲ್ಲೆಟ್ಟನ್ನೂ ಉಳಿಸಿದೆ, ಗೊತ್ತಾ? ಒಳಗಿನ ಮೈ ಸ್ವಚ್ಛವಾಗಿಯೇ ಇತ್ತಲ್ಲ, ಕತ್ತರಿಸಿದ ತುದಿಯನ್ನು ವೆಲ್ಡಿಂಗ್ ಮಾಡಿ ಮುಚ್ಚಿ ಸರಿಯಾದ ಬಿಸಿಗೆ ತಂದು ಮತ್ತೆ ಬೆಸೆದೆ, ಹಿಡಿಯಿತು. ಎರಡನೇದನ್ನು ಹಾಗೆ ಮಾಡಲು ಹೋಗಿ ಒಂದು ದಿನ ದಂಡ. ಒಳಗೆ ಕಿಟ್ಟ ಕಟ್ಟಿದ್ದಕ್ಕೆ ಎಷ್ಟು ಬಿಳಿಗಾರ ಕುಡಿಸಿದರೂ ಅಷ್ಟೇ.

ಗೆರೆ ಎಬ್ಬಿಸಲು ಫೆರಿಕ್ ಕ್ಲೋರೈಡ್, ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ, ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳಬೇಕು. ಅದಾದ ಮೇಲೆ ಗಾಢವಾದ ಇನ್‌ಸ್ಟಂಟ್ ಕಾಫಿಯಲ್ಲಿ ಕೆಲವು ಗಂಟೆ ಮುಳುಗಿಸಿದರೆ 1084 ಕಪ್ಪಾಗಿ ಕೂರುತ್ತದೆ, ನಿಕ್ಕಲ್ ಇರುವ ಪದರ ಬೆಳ್ಳಗೆ ಹೊಳೆಯುತ್ತದೆ. ತೋಟದವನ ಮನೆಗೆ ಅಂಗಡಿಯಿಂದ ಇನ್‌ಸ್ಟಂಟ್ ಕಾಫಿ ಪುಡಿಯ ದೊಡ್ಡ ಪ್ಯಾಕೆಟ್ ಬಂದದ್ದು ನೋಡಿ ಅಪ್ಪ ಎರಡು ದಿನ ಮಾತಾಡಲಿಲ್ಲ.

ಕುಲುಮೆಯ ಮೇಲಿನ ನಿಜವಾದ ದೂರು ಈಗ ಹೇಳುತ್ತೇನೆ. ನೆಲಕ್ಕೆ ಬರೀ ಸೆರಾಮಿಕ್ ಉಣ್ಣೆ ಹಾಕಿ ಕಳಿಸಿದ್ದಾರೆ. ಕರಗಿದ ಬಿಳಿಗಾರ ಅದರ ಮೇಲೆ ಬಿದ್ದರೆ ಹತ್ತಿಮಿಠಾಯಿಗೆ ನೀರು ಬಿದ್ದ ಹಾಗೆ ಕರಗುತ್ತದೆ. ನಾಲ್ಕನೇ ಬಿಲ್ಲೆಟ್ಟಿಗೆ ತಗಡಿನ ತನಕ ತೂತಾಗಿತ್ತು. ಬೆಸುಗೆಗೆ ಅಂತಲೇ ಮಾರುವ ಕುಲುಮೆಗೆ, ಬಿಳಿಗಾರದ ಪುಡಿಯನ್ನೂ ಜೊತೆಗೆ ಕೊಟ್ಟು, ನೆಲಕ್ಕೆ ಒಂದು ಗಟ್ಟಿ ಹಲಗೆ ಇಡದೆ ಕಳಿಸುವುದು ಯಾವ ನ್ಯಾಯ? ಉಣ್ಣೆಯ ಮೇಲೆ ಲೇಪವೂ ಇಲ್ಲ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಮಾಸ್ಕ್ ಹಾಕಿಕೊಂಡು ಹೊಸ ಉಣ್ಣೆ ಹಾಕಿದೆ, ಮೇಲೆ ಬೆಂಕಿ ತಡೆಯುವ ಸಿಮೆಂಟ್ ಬಳಿದೆ, ನೆಲಕ್ಕೆ ಅಲ್ಯುಮಿನಾ ಹಲಗೆ ಇಟ್ಟೆ. ಅದಕ್ಕೇ ಮತ್ತೆ 2,800 ಬಿತ್ತು. ಪೈಪು ಎರಡು ಮೀಟರ್ ಸಾಲುವುದಿಲ್ಲ, ಸಿಲಿಂಡರ್ ಬೆಂಕಿಗೆ ಬಹಳ ಹತ್ತಿರ ಬರುತ್ತದೆ. ಚೀಟಿಯಲ್ಲಿ "1,300 ಡಿಗ್ರಿ" ಅಂತ ದೊಡ್ಡದಾಗಿ ಬರೆದಿದ್ದಾರೆ, ಒಂದು ಸಿಲಿಂಡರಿನಲ್ಲಿ ಎಷ್ಟು ಹೊತ್ತು ಅಂತ ಬರೆದಿಲ್ಲ.

ಬರ್ನರ್ ಮಾತ್ರ ಚೆನ್ನಾಗಿದೆ. ಕರೆಂಟ್ ಬೇಡದ ಬರ್ನರ್, ಫ್ಯಾನಿಲ್ಲ, ನಮ್ಮಂಥ ಕಡೆಗೆ ಅದೇ ದೊಡ್ಡ ಉಪಕಾರ. ಹನ್ನೊಂದು ತಿಂಗಳಲ್ಲಿ ಒಮ್ಮೆ ಜೇಡ ಗೂಡು ಕಟ್ಟಿ ಕೆಮ್ಮಿತು, ಊದಿ ತೆಗೆದೆ, ಮತ್ತೆ ತೊಂದರೆ ಇಲ್ಲ. ತಗಡು ದಪ್ಪ ಇದೆ, ಕಾಲು ಅಲುಗಾಡುವುದಿಲ್ಲ.

ಭಾವನ ಕತ್ತಿ ಕೈಲ್ ಮುಹೂರ್ತಕ್ಕೆ ಆಗಲಿಲ್ಲ, ಹುತ್ತರಿಗೆ ಕೊಟ್ಟೆ. ಬೀಟೆ ಮರದ ಹಿಡಿ. ತಿರುಗಿಸಿ ಮುರುಗಿಸಿ ನೋಡಿ, "ಗೆರೆ ಚೆನ್ನಾಗುಂಟು, ಆದರೆ ಇದರಲ್ಲಿ ಕಾಡು ಕಡಿಯಲು ಮನಸ್ಸು ಬರುವುದಿಲ್ಲ ಮಾರಾಯ" ಅಂದರು. ಈಗಲೂ ಗೋಡೆಯಲ್ಲೇ ಇದೆ.

ಸ್ಟಾರ್ ಲೆಕ್ಕ: ಬರ್ನರಿಗೆ, ತಗಡಿಗೆ ಪೂರ್ತಿ ಅಂಕ. ನೆಲದ ಉಣ್ಣೆಗೆ ಒಂದು ಕಳೆದೆ, ಹಿಂದಿನ ಬಾಯಿ ಮತ್ತು ಪೈಪಿಗೆ ಅರ್ಧ. ಮೂರೂವರೆ ಕೊಡಬೇಕೆಂದಿದ್ದೆ, ಇಲ್ಲಿ ಅರ್ಧ ಒತ್ತಲು ಬರುವುದಿಲ್ಲ. ನನ್ನ ಹಳೇ ರಿವ್ಯೂ ಕೆಳಗೆ ಕಂಪನಿಯವರ ಉತ್ತರ ಇನ್ನೂ ಇದೆ, "ಫ್ಲಕ್ಸ್ ಜಾಸ್ತಿ ಹಾಕಿ ನೋಡಿ ಸರ್" ಅಂತ. ಅದನ್ನು ಓದಿ ಮೂರೇ ಒತ್ತಿದೆ.